ಬುರ್ಸಾದ ಮೆಟ್ಟಿಲುಗಳಲ್ಲಿ ಮೆಹರ್ ಆಂಟಿ

ವಿಕ್ಸಮ್

ಬುರ್ಸಾಕ್ಕೆ ಹೋಗೋಣ ಎಂದವಳು ನಾನಲ್ಲ. ಟರ್ಕಿ ಎಂದರೆ ನನಗೆ ಇಸ್ತಾಂಬುಲ್, ಇಸ್ತಾಂಬುಲ್ ಎಂದರೆ ಮೈಸೂರಿಗೆ ಹೋಗುವಾಗ ವಿಮಾನ ಬದಲಿಸಿ ಕಾಲು ಎಳೆಯುತ್ತ ನಡೆಯುವ ಒಂದು ಉದ್ದನೆಯ ಕಾರಿಡಾರ್, ಅಷ್ಟೇ. ಬುರ್ಸಾ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಮಿಷಿಗನ್ನಿನ ವಿಕ್ಸಮ್ ಊರಿನ ನಮ್ಮ ಸಬ್‌ಡಿವಿಷನ್ನಿನಲ್ಲಿ ನಾಲ್ಕು ಮನೆ ಆಚೆ ಇರುವ ಮೆಹರುನ್ನಿಸಾ ಆಂಟಿಯ ಬಾಯಲ್ಲಿ.

ನಾನು ಫಿಸಿಯೊಥೆರಪಿಸ್ಟ್. ಮಂಡಿ ಬದಲಿಸಿಕೊಂಡವರಿಗೆ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸ. ಹಾಗೆ ಬಂದವರನ್ನು ಮೊದಲ ದಿನವೇ ಒಂದು ಮಾತು ಕೇಳುತ್ತೇವೆ: ಕಾಲು ಸರಿಯಾದ ಮೇಲೆ ಎಲ್ಲಿಗೆ ನಡೆಯಬೇಕು ಅಂತಿದೀರಿ? ಮೊಮ್ಮಗನ ಬೇಸ್‌ಬಾಲ್ ಆಟಕ್ಕೆ ಎನ್ನುತ್ತಾರೆ, ಚರ್ಚಿಗೆ ಎನ್ನುತ್ತಾರೆ, ನಾಯಿಯನ್ನು ಕರೆದುಕೊಂಡು ಕೆರೆಯ ಸುತ್ತ ಎನ್ನುತ್ತಾರೆ. ಮಂಡಿ ಬದಲಿಸಿಕೊಂಡಿದ್ದ ಎಪ್ಪತ್ತೊಂದು ವರ್ಷದ ಮೆಹರ್ ಆಂಟಿ ನನ್ನ ಕ್ಲಿನಿಕ್ಕಿನ ಪೇಷಂಟ್ ಅಲ್ಲ, ಪಕ್ಕದ ಮನೆಯವರ ಹಾಗೆ. ಸಂಜೆ ಹೊತ್ತು ಹೋಗಿ ಅವರಿಂದ ವ್ಯಾಯಾಮ ಮಾಡಿಸುತ್ತಿದ್ದೆ. ಅಭ್ಯಾಸಬಲದಿಂದ ಅವರನ್ನೂ ಕೇಳಿದೆ. ಅವರು ಸೋಫಾದ ತೋಳು ಹಿಡಿದು ಎದ್ದು ನಿಂತು, "ಬುರ್ಸಾ," ಎಂದರು.

"ಅದೆಲ್ಲಿದೆ ಆಂಟಿ?"

"ಟರ್ಕೀಲಿ. ಬೆಟ್ಟದ ಊರು. ಎಲ್ಲಿ ನೋಡಿದ್ರೂ ಮೆಟ್ಟಿಲಂತೆ."

ಅವರು ಶಿಡ್ಲಘಟ್ಟದವರು. ಗಂಡ ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಒಬ್ಬನೇ ಮಗ ಸಲೀಂ, ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ ಎಂಜಿನಿಯರ್. ಒಳ್ಳೆಯ ಹುಡುಗ, ಹುಡುಗ ಎಂದರೂ ನಲವತ್ತಾರು. ಆಂಟಿಗೂ ಜೊತೆಗೆ ಹೊರಟ ನನಗೂ ಟಿಕೆಟ್ ಬುಕ್ ಆದ ವಾರವೇ ಅವನು ನನಗೆ ಫೋನ್ ಮಾಡಿದ.

"ಗೀತಕ್ಕ, ಅಮ್ಮಿ ನನ್ನ ಹತ್ರ ಎಲ್ಲಾ ಫೈನ್ ಅಂತಾರೆ. ಮನೇಲಿ ಒಂದ್ಸಲ ಬಿದ್ದಿದ್ದೂ ಹೇಳಿರಲಿಲ್ಲ. ನೀವು ಜೊತೇಲಿ ಇರ್ತೀರಲ್ಲ, ನೋಡಿ ನಿಜ ಹೇಳಿ. ಒಬ್ಬರೇ ಮ್ಯಾನೇಜ್ ಮಾಡ್ತಾರಾ, ಇಲ್ವಾ. ಆಗಲ್ಲ ಅಂದ್ರೆ ಆ ಮನೆ ಸೇಲ್ ಮಾಡಿ ಇಲ್ಲಿಗೆ ಕರ್ಕೊಂಡು ಬಂದುಬಿಡ್ತೀನಿ. ಬೇಸ್‌ಮೆಂಟ್‌ನಲ್ಲಿ ರೂಮ್ ರೆಡಿ ಮಾಡಿಸ್ತಾ ಇದೀನಿ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತು ಎಂದು ಆಗ ಅನ್ನಿಸಲಿಲ್ಲ. ಅವನ ದನಿಯಲ್ಲಿ ಭಯವಿತ್ತು. ಮಕ್ಕಳ ಭಯಕ್ಕೆ ಸಮಾಧಾನ ಹೇಳುವುದು ನನ್ನ ವೃತ್ತಿಯ ಅರ್ಧ ಭಾಗ.

ಮುದಾನ್ಯ

ಇಸ್ತಾಂಬುಲಿನಿಂದ ಬುರ್ಸಾಕ್ಕೆ ಹೋಗಲು ಮರ್ಮರಾ ಸಮುದ್ರವನ್ನು ದೊಡ್ಡ ದೋಣಿಯಲ್ಲಿ ದಾಟಬೇಕು. ಎರಡು ಗಂಟೆಯ ದಾರಿ. ಆಚೆ ದಡದ ಊರು ಮುದಾನ್ಯ. ದೋಣಿಯಲ್ಲಿ ನಮ್ಮ ಎದುರು ಕೂತಿದ್ದ ಹೆಂಗಸು ತನ್ನ ಚೀಲದಿಂದ ಎಳ್ಳು ಮೆತ್ತಿದ ದೊಡ್ಡ ಬಳೆಯಾಕಾರದ ರೊಟ್ಟಿ ತೆಗೆದು ಮೂರು ತುಂಡು ಮಾಡಿ, ಎರಡನ್ನು ನಮ್ಮ ಕೈಗಿಟ್ಟಳು. ಪರಿಚಯ ಆಮೇಲೆ. ಮಿಷಿಗನ್‌ನಲ್ಲಿ ಇಪ್ಪತ್ತೆರಡು ವರ್ಷ ಇದ್ದ ನನಗೆ, ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನುವ ಮುಂಚೆ ಒಂದು ಕ್ಷಣ ಕೈ ತಡೆಯುತ್ತದೆ. ಆಂಟಿ ಅಷ್ಟರಲ್ಲಿ ತಮ್ಮ ಪಾಲನ್ನು ಅರ್ಧ ಮುಗಿಸಿ, ಬದಲಿಗೆ ನಮ್ಮ ನಿಪ್ಪಟ್ಟಿನ ಡಬ್ಬಿ ತೆರೆದಿದ್ದರು. ನಿಪ್ಪಟ್ಟಿನ ಖಾರಕ್ಕೆ ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡು ಇನ್ನೊಂದು ತೆಗೆದುಕೊಂಡಳು.

ಮುದಾನ್ಯದಿಂದ ಬಸ್ಸು. ಹತ್ತಿದ ತಕ್ಷಣ ಒಬ್ಬಾತ ಬಾಟಲಿ ಹಿಡಿದು ಬಂದು ಎಲ್ಲರ ಅಂಗೈಗೆ ನಿಂಬೆ ವಾಸನೆಯ ಕೊಲೋನ್ ಸುರಿದ. ನಾನು ಗಡಿಬಿಡಿಯಲ್ಲಿ ತೀರ್ಥದ ಹಾಗೆ ಬಲಗೈ ಗುಳಿ ಮಾಡಿ ಹಿಡಿದೆ. ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ. ಆಂಟಿ ಮೊಣಕೈಯಲ್ಲಿ ತಿವಿದು, "ಕೈಗೆ ಸವರ್ಕೋ ಗೀತಾ, ಕುಡಿಯೋದಲ್ಲ," ಎಂದರು.

ದಾರಿಯುದ್ದಕ್ಕೂ ಅವರು ಒಂದು ಆಟ ಆಡುತ್ತಿದ್ದರು. ಬೋರ್ಡುಗಳಲ್ಲಿ, ಜನರ ಮಾತಿನಲ್ಲಿ ತಮಗೆ ಗೊತ್ತಿರುವ ಶಬ್ದ ಹುಡುಕುವುದು. ಟರ್ಕಿಯವರ ಸಾಬೂನು ನಮ್ಮ ಸಾಬೂನೇ. ಮೈದಾನಕ್ಕೆ ಮೆಯ್ದಾನ್, ಜೇಬಿಗೆ ಜೆಪ್. ಊರು ಮುಟ್ಟುವ ಹೊತ್ತಿಗೆ ಹದಿನಾಲ್ಕು ಶಬ್ದ ಸಿಕ್ಕಿದ್ದವು. "ಇಷ್ಟು ಸಾಕು, ಸಂಸಾರ ಮಾಡಬಹುದು," ಎಂದರು.

ಉಲು ಜಾಮಿ

ಬುರ್ಸಾ ಒಂದು ದೊಡ್ಡ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿದೆ. ಜೂನ್ ತಿಂಗಳಲ್ಲೂ ಬೆಟ್ಟದ ತುದಿಯ ಮಡಿಕೆಗಳಲ್ಲಿ ಹಿಮದ ಬಿಳಿ ಗೆರೆಗಳಿದ್ದವು. ಕೆಳಗೆ ರಸ್ತೆಬದಿಯ ಹಿಪ್ಪುನೇರಳೆ ಮರಗಳು ಹಣ್ಣು ಉದುರಿಸಿ ಕಲ್ಲುಹಾಸನ್ನೆಲ್ಲ ಕಪ್ಪು ಮಾಡಿದ್ದವು. ಆಂಟಿ ಒಂದು ಎಲೆ ಕಿತ್ತು, ಹಿಂದುಮುಂದು ತಿರುಗಿಸಿ ನೋಡಿ, ಪರ್ಸಿನಲ್ಲಿಟ್ಟುಕೊಂಡರು.

ಊರ ನಡುವಿನ ದೊಡ್ಡ ಮಸೀದಿ ಉಲು ಜಾಮಿ. ಇಪ್ಪತ್ತು ಗುಮ್ಮಟಗಳು, ಆರು ನೂರು ವರ್ಷಕ್ಕೂ ಹಳೆಯದು. ಹೊರಗಿನಿಂದ ಕೋಟೆಯ ಹಾಗೆ ಕಂಡರೂ ಒಳಗೆ ಹೋದರೆ ನೀರಿನ ಸದ್ದು. ಮಸೀದಿಯ ಮಧ್ಯದಲ್ಲೇ ಒಂದು ಕಾರಂಜಿ, ಮೇಲೆ ಗಾಜಿನ ಗುಮ್ಮಟ. ಬೆಳಕು ನೇರ ನೀರಿನ ಮೇಲೆ ಬೀಳುತ್ತದೆ. ಗೋಡೆಗಳ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳು. ನನಗೆ ಒಂದಕ್ಷರವೂ ಓದಲು ಬರದು. ಆದರೂ ಒಂದು ಅಕ್ಷರದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಅದನ್ನು ಬರೆದವನು ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಬರೆದಿರಬೇಕು ಅನ್ನಿಸುತ್ತಿತ್ತು. ಕಂಬಕ್ಕೊರಗಿ ಒಬ್ಬ ಮುದುಕ ನಿದ್ದೆ ಮಾಡುತ್ತಿದ್ದ. ಅವನ ಮಡಿಲಲ್ಲಿ ಬೆಕ್ಕು. ಇಬ್ಬರನ್ನೂ ಯಾರೂ ಎಬ್ಬಿಸಲಿಲ್ಲ. ದೇವರ ಮನೆಯಲ್ಲಿ ಇಷ್ಟು ನಿರಾಳವಾಗಿ ಮಲಗಿದವರನ್ನು ನಾನು ನೋಡಿದ್ದು ಕಡಿಮೆ. ನಮ್ಮ ಮಿಷಿಗನ್ ದೇವಸ್ಥಾನದಲ್ಲಿ ಹಬ್ಬದ ದಿನ ನಿಲ್ಲಲು ಜಾಗ ಸಿಕ್ಕರೆ ಪುಣ್ಯ.

ಕಾರಂಜಿ ಒಳಗೆ ಯಾಕೆ ಬಂತು ಎಂಬುದಕ್ಕೆ ಒಂದು ಕಥೆಯಿದೆ. ಇಂಗ್ಲಿಷ್ ಬರುತ್ತಿದ್ದ ಒಬ್ಬ ಕಾಲೇಜು ಹುಡುಗಿ ಪಕ್ಕದಲ್ಲಿ ಕೂತು ಹೇಳಿದಳು. ಮಸೀದಿ ಕಟ್ಟಲು ಹೊರಟಾಗ ಸರಿಯಾಗಿ ಆ ಜಾಗದಲ್ಲಿ ಒಬ್ಬ ಮುದುಕಿಯ ಮನೆಯಿತ್ತಂತೆ. ಎಷ್ಟು ಕೇಳಿದರೂ ಅವಳು ಮನೆ ಬಿಟ್ಟುಕೊಡಲಿಲ್ಲವಂತೆ. ಕೊನೆಗೆ ಜಾಗವೇನೋ ಸಿಕ್ಕಿತು. ಆದರೆ ಮನಸ್ಸಿಲ್ಲದೆ ಬಂದ ನೆಲದ ಮೇಲೆ ನಮಾಜ್ ಮಾಡಬಾರದು ಎಂದು ಅಷ್ಟು ಭಾಗವನ್ನು ನೀರಿಗೆ ಬಿಟ್ಟರಂತೆ.

ನಾನು ಕನ್ನಡದಲ್ಲಿ ಹೇಳಿದಾಗ ಆಂಟಿ ಬಹಳ ಹೊತ್ತು ನೀರನ್ನೇ ನೋಡಿದರು. "ನೋಡು, ಕಟ್ಟಿದವರಿಗೆ ಅಷ್ಟು ಮರ್ಯಾದೆ ಇತ್ತು," ಎಂದರು. ಅವರು ಸಲೀಮನ ಯೋಚನೆಯಲ್ಲಿದ್ದಾರೆ ಎಂದು ನನಗೆ ಗೊತ್ತಾಯಿತು. ಏನೂ ಗೊತ್ತಿಲ್ಲದವಳ ಹಾಗೆ ಗುಮ್ಮಟ ಎಣಿಸತೊಡಗಿದೆ.

ಮಧ್ಯಾಹ್ನ ಊಟಕ್ಕೆ ಹೋದೆವು. ನಾನು ಸಸ್ಯಾಹಾರಿ. 'ಮಾಂಸವಿಲ್ಲದ್ದು' ಎನ್ನಲು 'ಎತ್ಸಿಜ್' ಎನ್ನಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಪರಿಚಾರಕ ತಲೆಯಾಡಿಸಿ ತಂದಿಟ್ಟ ಸೂಪಿನಲ್ಲಿ ಕೋಳಿಯ ಎಳೆಗಳು ತೇಲುತ್ತಿದ್ದವು. ತೋರಿಸಿದರೆ ಅವನಿಗೆ ನಿಜವಾಗಿಯೂ ಆಶ್ಚರ್ಯ. ಇದು ಮಾಂಸ ಅಲ್ಲ, ಕೋಳಿ ಎಂದು ತಾಳ್ಮೆಯಿಂದ ತಿಳಿಸಿಕೊಟ್ಟ. ಆಮೇಲೆ ಅವನಿಗೇ ಪಾಪ ಅನ್ನಿಸಿ ಸುಟ್ಟ ಬದನೆಕಾಯಿ, ಮೊಸರು, ಬಿಸಿ ರೊಟ್ಟಿ ತಂದ. ಆಂಟಿಯ ತಟ್ಟೆಯ ಮಾಂಸದ ಮೇಲೆ ಇನ್ನೊಬ್ಬಾತ ಬಂದು ಕುದಿಯುವ ಬೆಣ್ಣೆ ಸುರಿದ, ಮದುವೆ ಮನೆಯಲ್ಲಿ ತುಪ್ಪ ಬಡಿಸುವವರ ಹಾಗೆ, ಸಾಕು ಎನ್ನುವವರೆಗೆ. ಆಂಟಿ ಬೇಗ ಸಾಕು ಎನ್ನಲಿಲ್ಲ.

ಕೋಜಾ ಹಾನ್

ಕೋಜಾ ಎಂದರೆ ರೇಷ್ಮೆಗೂಡು. ಹಾನ್ ಎಂದರೆ ವ್ಯಾಪಾರಿಗಳು ತಂಗುತ್ತಿದ್ದ ಛತ್ರ. ಐದು ನೂರು ವರ್ಷದಿಂದ ಬುರ್ಸಾದ ರೇಷ್ಮೆ ಕೈಬದಲಾದದ್ದು ಇಲ್ಲಿ. ನಡುವೆ ಚೌಕನೆಯ ದೊಡ್ಡ ಅಂಗಳ, ಮರಗಳು, ನೆರಳಲ್ಲಿ ಟೀ ಮೇಜುಗಳು. ಸುತ್ತ ಎರಡು ಅಂತಸ್ತಿನ ಕಮಾನುಗಳ ಸಾಲು, ಕಮಾನಿಗೊಂದು ಅಂಗಡಿ. ಅಂಗಳದ ಮಧ್ಯೆ ಕಂಬಗಳ ಮೇಲೆ ಕೂರಿಸಿದ ಪುಟ್ಟ ಮಸೀದಿ, ಆಟಿಕೆಯಷ್ಟು ಚಂದ. ಟೀ ಬೇಡ ಎನ್ನುವುದು ಇಲ್ಲಿ ಸಾಧ್ಯವಿಲ್ಲ. ಬೇಡ ಎಂದರೆ ಈಗ ಬೇಡ, ಐದು ನಿಮಿಷ ಬಿಟ್ಟು ಕೊಡಿ ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಅಂಗಡಿಯೊಂದರಲ್ಲಿ ನಾನು ನೀಲಿ ಸ್ಕಾರ್ಫೊಂದನ್ನು ಹೊದ್ದು ನೋಡುತ್ತಿದ್ದೆ. ಆಂಟಿ ಅದರ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಉಜ್ಜಿದರು. "ನೇಯ್ದಿದ್ದು ಇಲ್ಲಿರಬಹುದು. ನೂಲು ಇಲ್ಲೀದಲ್ಲ," ಎಂದರು. ಅಂಗಡಿಯ ಯಜಮಾನನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ಎರಡು ಬೆರಳ ಭಾಷೆ ಬರುತ್ತಿತ್ತು. ಅವನು ನನ್ನನ್ನು ಬಿಟ್ಟು ಆಂಟಿಯ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿದ. ಒಳಗಿನಿಂದ ಬೇರೆ ಒಂದನ್ನು ತಂದು, ಬಿಚ್ಚದೆ ಅವರ ಅಂಗೈ ಮೇಲಿಟ್ಟ. ಆಂಟಿ ಕಣ್ಣು ಮುಚ್ಚಿ ಉಜ್ಜಿ, ತಲೆಯಾಡಿಸಿದರು.

"ಆಂಟಿ, ಹೇಗೆ ಗೊತ್ತಾಯ್ತು?"

"ಊರಲ್ಲಿ ನಮ್ಮ ಕಡೆಯೋರು ರೇಷ್ಮೆ ಬಿಸಿನೆಸ್‌ನಲ್ಲಿ ಇದ್ರಲ್ಲ," ಎಂದರು, ಯಾವಾಗಲೂ ಹೇಳುವ ಹಾಗೆ, ಅಷ್ಟಕ್ಕೇ ನಿಲ್ಲಿಸಿ.

ಆಮೇಲೆ ಅವರು ಪುಟ್ಟ ಮಸೀದಿಗೆ ನಮಾಜಿಗೆ ಹೋದರು. ಕಿರಿದಾದ ಕಲ್ಲಿನ ಮೆಟ್ಟಿಲು. ಹತ್ತುವಾಗ ನನ್ನ ಭುಜ ಹಿಡಿದುಕೊಂಡರು. ಅವರು ಒಳಗೆ ಹೋದ ಮೇಲೆ ನಾನು ಕೆಳಗೆ ಬಂದು, ಮೇಜಿನ ಬಳಿ ಕೂತು, ಸಲೀಮನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಇವತ್ತು ಮೂರು ಮೈಲಿ ನಡೆದರು, ಮಧ್ಯಾಹ್ನದ ಮೇಲೆ ಸುಸ್ತಾಗುತ್ತಾರೆ, ಕಡಿದಾದ ಮೆಟ್ಟಿಲು ಹತ್ತಲು ಆಸರೆ ಬೇಕಾಯಿತು. ಕ್ಲಿನಿಕ್ಕಿನಲ್ಲಿ ಪೇಷಂಟ್ ಬಗ್ಗೆ ಬರೆಯುವ ನೋಟ್ಸಿನ ಹಾಗೆ, ನಿರ್ವಿಕಾರವಾಗಿ. ಹೇಳಿ ಮುಗಿಸಿ ಫೋನ್ ಕೆಳಗಿಟ್ಟು ತಿರುಗಿದರೆ, ಆಂಟಿ ನನ್ನ ಕುರ್ಚಿಯ ಹಿಂದೆ ನಿಂತಿದ್ದಾರೆ. ಒಬ್ಬರೇ ಇಳಿದು ಬಂದಿದ್ದರು.

"ಟೀ ಆರಿ ಹೋಯ್ತೇನೋ," ಎಂದು ಕೂತರು. ಎರಡು ಸಕ್ಕರೆ ಬಿಲ್ಲೆ ಹಾಕಿ ಕಲಕಿದರು.

ಚೆಕಿರ್ಗೆ

ಬುರ್ಸಾದಲ್ಲಿ ಬೆಟ್ಟದ ಹೊಟ್ಟೆಯಿಂದ ಬಿಸಿನೀರು ತಾನಾಗಿ ಬರುತ್ತದೆ. ಚೆಕಿರ್ಗೆ ಎಂಬ ಬಡಾವಣೆಯಲ್ಲಿ ಅದಕ್ಕೆಂದೇ ಕಟ್ಟಿದ ಹಳೆಯ ಸ್ನಾನಗೃಹಗಳಿವೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ತಿಂಡಿಯ ಹೊತ್ತಿಗೆ ಆಂಟಿಯದು ಕೇಳಿದ್ದಕ್ಕಷ್ಟೇ ಉತ್ತರ.

ಒಳಗೆ ಹೆಂಗಸರ ಭಾಗದಲ್ಲಿ ಅಮೃತಶಿಲೆಯ ಕಟ್ಟೆ, ಗುಮ್ಮಟದ ತೂತುಗಳಿಂದ ಇಳಿಯುವ ಬೆಳಕಿನ ಕೋಲುಗಳು, ಹಬೆ. ದಪ್ಪನೆಯ ಒಬ್ಬ ಹೆಂಗಸು ನನ್ನನ್ನು ಕಟ್ಟೆಯ ಮೇಲೆ ಮಲಗಿಸಿ, ಒರಟು ಬಟ್ಟೆಯ ಕೈಗವಸು ಹಾಕಿಕೊಂಡು ಉಜ್ಜತೊಡಗಿದಳು. ಕಪ್ಪು ಎಳೆಗಳಾಗಿ ಕೊಳೆ ಉದುರಿತು. ಅವಳು ಅದನ್ನು ನನಗೇ ತೋರಿಸಿ, ನಾಲಿಗೆಯಲ್ಲಿ ಚ್ ಚ್ ಎಂದಳು. ದಿನಾ ಶವರ್ ಮಾಡುವ ನನಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೆ ಸೀಗೆಪುಡಿ ಹಿಡಿದು ಕಾಯುತ್ತಿದ್ದ ನಮ್ಮಜ್ಜಿಯೂ ಇಷ್ಟು ನಿರ್ದಯಿ ಆಗಿರಲಿಲ್ಲ. ಆಂಟಿಯ ಸರದಿ ಬಂದಾಗ ಮಾತ್ರ ಅದೇ ಹೆಂಗಸು ಮಂಡಿಯ ಉದ್ದನೆಯ ಗಾಯದ ಗೆರೆ ನೋಡಿ, ಆ ಜಾಗವನ್ನು ಬರಿಗೈಯಲ್ಲಿ ಮೆಲ್ಲಗೆ ತೊಳೆದಳು. 'ತೇಯ್ಜೆ, ತೇಯ್ಜೆ' ಎನ್ನುತ್ತಿದ್ದಳು. ಚಿಕ್ಕಮ್ಮ ಎಂದು ಅರ್ಥವಂತೆ. ಇಲ್ಲಿ ವಯಸ್ಸಾದವರನ್ನೆಲ್ಲ ಹಾಗೇ ಕರೆಯುತ್ತಾರೆ, ನಾವು ಆಂಟಿ ಎಂದ ಹಾಗೆ.

ಆಮೇಲೆ ಇಬ್ಬರೂ ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತೆವು. ಸುತ್ತ ಇದ್ದವರಿಗೆ ಕನ್ನಡ ಬರುವುದಿಲ್ಲ. ಆಂಟಿ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

"ಸಲೀಂಗೆ ಏನೇನು ಹೇಳಿದೀಯ?"

ನಾನು ಎಲ್ಲವನ್ನೂ ಹೇಳಿದೆ. ಮೊದಲ ಫೋನಿನಿಂದ ನಿನ್ನೆಯ ಮೆಸೇಜಿನವರೆಗೆ.

"ಸುಳ್ಳೇನೂ ಹೇಳಿಲ್ಲ ನೀನು."

"ಇಲ್ಲ ಆಂಟಿ."

"ಅದು ನನಗೆ ಗೊತ್ತು. ಬೇಜಾರು ಅದಕ್ಕಲ್ಲ. ಮಂಡಿ ನನ್ನದು, ಮನೆ ನನ್ನದು. ನನ್ನೊಬ್ಬಳನ್ನ ಬಿಟ್ಟು ನೀವಿಬ್ಬರು ಮೀಟಿಂಗ್ ಮಾಡ್ತೀರಿ." ಮುಖಕ್ಕೆ ನೀರೆರಚಿಕೊಂಡು ಅಂದರು, "ಅವನ ಬೇಸ್‌ಮೆಂಟಿಗೆ ಹೋಗೋಕೂ ಮೆಟ್ಟಿಲಿದೆ ಗೀತಾ. ಹದಿಮೂರು. ಅದನ್ನ ಅವನು ಎಣಿಸಿಲ್ಲ."

"ತಪ್ಪಾಯ್ತು ಆಂಟಿ. ಇನ್ಮೇಲೆ ಹೇಳೋದಿದ್ರೆ ನಿಮ್ಮ ಎದುರಿಗೇ ಹೇಳ್ತೀನಿ."

ಇಪ್ಪತ್ತು ವರ್ಷದಿಂದ ಮಂಡಿಗಳನ್ನು ನೋಡುತ್ತಿದ್ದ ನಾನು, ಮಂಡಿಯ ಒಡತಿಯನ್ನು ಬಿಟ್ಟು ಮಕ್ಕಳೊಂದಿಗೆ ಎಷ್ಟು ಸಲ ಮಾತಾಡಿದ್ದೇನೆ ಎಂದು ಆ ನೀರಿನಲ್ಲಿ ಕೂತು ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ.

ಜುಮಾಲಿಕಿಜಿಕ್

ಬುರ್ಸಾದ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ, ಜುಮಾಲಿಕಿಜಿಕ್ ಎಂಬ ಹಳೆಯ ಹಳ್ಳಿ ಇದ್ದ ಹಾಗೇ ಉಳಿದಿದೆ. ನೀಲಿ, ಹಳದಿ, ನೇರಳೆ ಬಣ್ಣದ ಮಣ್ಣಿನ ಮನೆಗಳು, ಮೇಲಂತಸ್ತುಗಳು ಮುಂದಕ್ಕೆ ಬಾಗಿ ಓಣಿಯ ಮೇಲೆ ಪರಸ್ಪರ ಮಾತಾಡುವಷ್ಟು ಹತ್ತಿರ. ಒಂದು ಸಂದಿಯಂತೂ ಎಷ್ಟು ಕಿರಿದು ಎಂದರೆ ಅಡ್ಡಡ್ಡ ನಡೆಯಬೇಕು. ಓಣಿಗಳಿಗೆ ಉರುಟು ಕಲ್ಲು ಹಾಸಿದ್ದಾರೆ, ನಡುವೆ ಬೆಟ್ಟದ ನೀರು ಹರಿಯುತ್ತದೆ.

"ಯವಾಶ್ ಯವಾಶ್," ಎಂದು ನಾನು ಹೆಜ್ಜೆಗೊಮ್ಮೆ ಹೇಳುತ್ತಿದ್ದೆ. ನಿಧಾನ, ನಿಧಾನ ಎಂದು. ನಾನು ಕಲಿತಿದ್ದ ಟರ್ಕಿ ಭಾಷೆಯಲ್ಲಿ ಅತಿ ಹೆಚ್ಚು ಬಳಸಿದ್ದು ಅದನ್ನೇ. "ಆಂಟಿ, ಒದ್ದೆ ಕಲ್ಲು. ಕೋಲು ಮೊದಲು ಊರಿ. ಆಮೇಲೆ ಕಾಲು." ಹೀಗೆನ್ನುತ್ತ ಅವರ ಪಾದವನ್ನೇ ನೋಡುತ್ತಿದ್ದವಳು ನನ್ನ ಪಾದ ನೋಡಲಿಲ್ಲ. ಎಡಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ನಾನು ಒಂದು ಕಡೆ, ಚೀಲ ಒಂದು ಕಡೆ. ನೀರಿನಲ್ಲಿ ಕೂತಿದ್ದೆ.

ಆಂಟಿ ಕೂಗಲಿಲ್ಲ, ಗಾಬರಿಯಾಗಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿ ನಿಂತು, ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಎದುರಿನ ಮನೆಯ ಬಾಗಿಲು ತೆರೆಯಿತು. ನಮ್ಮ ವಯಸ್ಸಿನ, ಅಂದರೆ ನನ್ನ ವಯಸ್ಸಿನ ಹೆಂಗಸೊಬ್ಬಳು ಓಡಿ ಬಂದಳು. ಅವಳ ಹೆಸರು ನೆರ್ಮಿನ್. ಇಬ್ಬರೂ ಸೇರಿ ನನ್ನನ್ನು ಒಳಗೆ ನಡೆಸಿ, ಕಿಟಕಿಯ ಪಕ್ಕದ ದಿವಾನದ ಮೇಲೆ ಕೂರಿಸಿದರು.

ಪಾದದ ಗಿಣ್ಣು ಊದಿಕೊಂಡಿತ್ತು. ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಮುಟ್ಟಿ ನೋಡಿ ನಾನೇ ಹೇಳಿದೆ. ಐಸ್ ಬೇಕು ಎಂದೆ. ನೆರ್ಮಿನ್ ತನ್ನ ಫೋನಿಗೆ ಟರ್ಕಿ ಭಾಷೆಯಲ್ಲಿ ಏನೋ ಹೇಳಿದಳು, ಫೋನು ಗಂಭೀರವಾದ ಇಂಗ್ಲಿಷಿನಲ್ಲಿ, ನಿಮ್ಮ ಪಾದಕ್ಕೆ ಕೋಪ ಬಂದಿದೆ, ಈರುಳ್ಳಿ ತರುತ್ತೇನೆ ಎಂದಿತು. ಜಜ್ಜಿದ ಈರುಳ್ಳಿಗೆ ಉಪ್ಪು ಬೆರೆಸಿ ತಂದಳು. ಆಂಟಿ ಅದನ್ನು ಮೂಸಿ, "ನಮ್ಮಲ್ಲಿ ಹುಣಸೆಹಣ್ಣು ಉಪ್ಪು ಹಾಕ್ತೀವಿ. ಇದೂ ಆಗುತ್ತೆ," ಎಂದು ಸರ್ಟಿಫಿಕೇಟ್ ಕೊಟ್ಟರು. ನನ್ನ ಇಪ್ಪತ್ತು ವರ್ಷದ ಅನುಭವವನ್ನು ಯಾರೂ ಕೇಳಲಿಲ್ಲ. ಈರುಳ್ಳಿ ಕಟ್ಟಿಸಿಕೊಂಡು, ಕಾಲು ದಿಂಬಿನ ಮೇಲಿಟ್ಟು ಸುಮ್ಮನೆ ಕೂತೆ.

ಟೀ ಬಂತು, ಹಿಪ್ಪುನೇರಳೆ ಹಣ್ಣು ಬಂತು. ಆಂಟಿ ಗ್ಲಾಸನ್ನು ಬಾಯಿಗಿಡುವವರು ಅರ್ಧಕ್ಕೇ ನಿಲ್ಲಿಸಿದರು. ಮೂಗಿನ ಹೊಳ್ಳೆ ಅರಳಿತು.

"ಗೀತಾ, ಯಾರೋ ಗೂಡು ಬೇಯಿಸ್ತಿದಾರೆ."

ನನಗೆ ಈರುಳ್ಳಿಯ ವಾಸನೆ ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ. ಆಂಟಿ ಎದ್ದು ಹಿಂಬಾಗಿಲಿನ ಕಡೆ ಹೋದರು. ಹಿತ್ತಲಿಗೆ ಐದು ಕಲ್ಲಿನ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಕೋಲು ನನ್ನ ಪಕ್ಕದಲ್ಲೇ ಇತ್ತು. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಆಪರೇಷನ್ ಆದ ಕಾಲನ್ನು ಮೊದಲು ಇಳಿಸಿ, ಆಮೇಲೆ ಇನ್ನೊಂದನ್ನು, ನಾನು ವಿಕ್ಸಮ್‌ನಲ್ಲಿ ನೂರು ಸಲ ಹೇಳಿಕೊಟ್ಟ ಹಾಗೇ, ಆದರೆ ಅದರ ಕಡೆ ಗಮನವೇ ಇಲ್ಲದೆ ಇಳಿದು ಹೋದರು. ನಾನು ಒಂಟಿ ಕಾಲಲ್ಲಿ ಕುಂಟುತ್ತ ಹಿತ್ತಲ ಕಡೆಯ ಕಿಟಕಿಗೆ ಹೋಗಿ ನಿಂತೆ.

ಹಿತ್ತಲಲ್ಲಿ ಒಲೆಯ ಮೇಲೆ ತಾಮ್ರದ ಅಗಲ ಪಾತ್ರೆ. ಕುದಿಯುವ ನೀರಿನಲ್ಲಿ ಬಿಳಿ ಗೂಡುಗಳು ಕುಣಿಯುತ್ತಿದ್ದವು. ಪಕ್ಕದಲ್ಲಿ ಆಳೆತ್ತರದ ಮರದ ರಾಟೆ. ಪಾತ್ರೆಯ ಮುಂದೆ ನೆರ್ಮಿನಳ ಅತ್ತೆ, ಎಂಬತ್ತು ದಾಟಿದವರು. ವರ್ಷಕ್ಕೊಮ್ಮೆ ಸ್ವಲ್ಪ ಗೂಡು ತರಿಸಿ, ಶಾಲೆ ಮಕ್ಕಳು ಬಂದಾಗ ಹಳೆಯ ಕಾಲದಲ್ಲಿ ನೂಲು ತೆಗೆಯುತ್ತಿದ್ದ ರೀತಿ ತೋರಿಸುತ್ತಾರಂತೆ. ನಾಳೆ ಮಕ್ಕಳು ಬರುವವರಿದ್ದರು. ಇವತ್ತು ಅಭ್ಯಾಸ. ಆದರೆ ಅಜ್ಜಿಯ ಕೈ ನಡುಗುತ್ತಿತ್ತು, ಕಣ್ಣು ಮಂಜು. ಪೊರಕೆ ಕಡ್ಡಿಯಿಂದ ಎಷ್ಟು ಆಡಿಸಿದರೂ ಎಳೆ ಸಿಗುತ್ತಿರಲಿಲ್ಲ, ಸಿಕ್ಕರೆ ತುಂಡಾಗುತ್ತಿತ್ತು.

ಆಂಟಿ ಎರಡು ನಿಮಿಷ ನಿಂತು ನೋಡಿದರು. ಆಮೇಲೆ ತೋಳು ಮಡಚಿ, ಅಜ್ಜಿಯ ಪಕ್ಕದ ಎತ್ತರದ ಮಣೆಯ ಮೇಲೆ ಕೂತು, ಆ ಕುದಿಯುವ ನೀರಿಗೆ ಕೈ ಹಾಕಿಬಿಟ್ಟರು.

ನೆರ್ಮಿನ್ ಕಿರುಚಿದಳು. ಅಜ್ಜಿ ಕಿರುಚಲಿಲ್ಲ. ಆಂಟಿಯ ಬೆರಳುಗಳು ನೀರಿನ ಮೇಲ್ಮೈಯಲ್ಲಿ ಹೋಗಿ ಬಂದು, ಹೋಗಿ ಬಂದು, ಎಂಟು ಹತ್ತು ಗೂಡುಗಳ ಎಳೆಗಳನ್ನು ಒಟ್ಟಿಗೆ ಎತ್ತಿಕೊಂಡವು. ಸಿಕ್ಕನ್ನು ಝಾಡಿಸಿ ತೆಗೆದು, ತುದಿಗಳನ್ನು ಒಂದು ಮಾಡಿ, ಪಾತ್ರೆಯ ಮೇಲಿದ್ದ ಕಣ್ಣಿನಂಥ ಸಣ್ಣ ತೂತಿನಲ್ಲಿ ತೂರಿಸಿ ರಾಟೆಗೆ ಕೊಟ್ಟರು. ಅಜ್ಜಿ ರಾಟೆ ತಿರುಗಿಸಿದರು. ಬಿಸಿಲಿಗೆ ಮಾತ್ರ ಕಾಣುವಷ್ಟು ಸಣ್ಣ ನೂಲು ಒಂದೇ ಸಮ ಬರತೊಡಗಿತು. ಒಂದು ಗೂಡು ಬರಿದಾದ ಕ್ಷಣಕ್ಕೆ ಆಂಟಿ ನೋಡದೆಯೇ ಇನ್ನೊಂದರ ಎಳೆ ಎಸೆದು ಅಂಟಿಸುತ್ತಿದ್ದರು. ಅಜ್ಜಿ ಕೈ ಎತ್ತಿದರೆ ಆಂಟಿ ನಿಧಾನಿಸುವರು, ಆಂಟಿ ಗದ್ದ ಆಡಿಸಿದರೆ ಅಜ್ಜಿ ಬೇಗ ತಿರುಗಿಸುವರು. ಒಂದೇ ಮನೆಯಲ್ಲಿ ನಲವತ್ತು ವರ್ಷ ಜೊತೆಗೆ ಕೆಲಸ ಮಾಡಿದವರ ಹಾಗೆ.

ಅರ್ಧ ಗಂಟೆಯ ಮೇಲೆ ಒಳಗೆ ಬಂದಾಗ ಅವರ ಕೈ ಕೆಂಪಾಗಿತ್ತು, ಮುಖವೂ.

"ರೇಷ್ಮೆ ಬಿಸಿನೆಸ್ ಅಂತಿದ್ರಿ ಆಂಟಿ."

"ಬಿಸಿನೆಸ್ ಏನೂ ಇಲ್ಲ ಕಣಮ್ಮ. ನೂಲು ಬಿಚ್ಚೋ ಕೆಲಸ. ಹನ್ನೆರಡು ವರ್ಷಕ್ಕೆ ಕೂತೆ, ಅಮೆರಿಕಕ್ಕೆ ಬರೋ ತನಕ ಎದ್ದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿನೀರಲ್ಲಿ ಕೈ. ಅಲ್ಲಿಗೆ ಹೋದ ಹೊಸದರಲ್ಲಿ ಇಮಿಗ್ರೇಷನ್‌ನೋರು ಬೆರಳಚ್ಚು ತಗೊಳ್ಳೋಕೆ ಕರೆದ್ರಲ್ಲ, ಕಾಗದದ ಮೇಲೆ ನನ್ನ ಬೆರಳೇ ಮೂಡಲಿಲ್ಲ. ಸವೆದು ಹೋಗಿತ್ತು. ಮೂರು ಸಲ ಕರೆಸಿದ್ರು. ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದಾಗ ನಮ್ಮ ಯಜಮಾನರು ಏನೂ ಇಲ್ಲ, ಮನೇಲೇ ಇದ್ರು ಅಂದ್ಬಿಟ್ರು. ಪಾಪ, ಅವರಿಗೂ ನಾಚಿಕೆ, ನನಗೂ ನಾಚಿಕೆ. ಆ ವಾಸನೆ ಮೈಯಿಂದ ಹೋಗಲ್ಲ ನೋಡು. ಸಲೀಂಗೂ ಅಷ್ಟೇ ಗೊತ್ತಿರೋದು, ಬಿಸಿನೆಸ್ ಅಂತ."

ತಮ್ಮ ಅಂಗೈಗಳನ್ನು ಮೂಸಿ ನೋಡಿಕೊಂಡರು. ನಾಚಿಕೆ ಪಟ್ಟವರ ಹಾಗೆ ಕಾಣಲಿಲ್ಲ.

ಆಮೇಲೆ ತಾವಾಗಿಯೇ, "ಫೋನ್ ಹಚ್ಚು. ಸ್ಪೀಕರ್ ಹಾಕು," ಎಂದರು.

ಇಟಾಸ್ಕಾದಲ್ಲಿ ಬೆಳಗಿನ ಹೊತ್ತು. ಸಲೀಂ ಆಫೀಸಿಗೆ ಡ್ರೈವ್ ಮಾಡುತ್ತಿದ್ದ. ಆಂಟಿ ಎದುರಿಗೇ ಕೂತಿದ್ದಾರೆ ಎಂದು ಮೊದಲೇ ತಿಳಿಸಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಕಾಲಿನಲ್ಲಿ ಬಲ ಇದೆ. ತೂಕ ಹಿಡಿಯುವ ಶಕ್ತಿ ಚೆನ್ನಾಗಿದೆ, ಇವತ್ತು ನನ್ನನ್ನೇ ಎತ್ತಿದರು. ಮೂರು ಮೈಲಿ ದಾಟಿದರೆ ಕುಂಟುತ್ತಾರೆ. ಕಡಿದಾದ ಮೆಟ್ಟಿಲಿಗೆ ಕಂಬಿ ಇದ್ದರೆ ಒಳ್ಳೆಯದು.

"ಮೆಟ್ಟಿಲಿಗೆ ಕಂಬಿ ಹಾಕಿಸ್ಕೋತೀನಿ," ಎಂದರು ಆಂಟಿ ನಡುವೆ. "ಕತ್ತಲಾದ ಮೇಲೆ ಫ್ರೀವೇನಲ್ಲಿ ಡ್ರೈವ್ ಮಾಡಲ್ಲ. ಅದು ಕಣ್ಣಿಗೆ ಕಷ್ಟ, ನಿನಗೆ ಹೇಳಿರಲಿಲ್ಲ. ಬಿದ್ದರೆ ಅವತ್ತೇ ಹೇಳ್ತೀನಿ. ಮನೆ ಮಾತ್ರ ಬಿಡಲ್ಲ ಸಲೀಂ."

ಸಲೀಂ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅವನು, "ಅಮ್ಮಿ, ಗೀತಕ್ಕನನ್ನ ನೀವು ಯಾಕೆ ಎತ್ತಿದ್ರಿ?" ಎಂದು ಕೇಳಿದ.

ಆಂಟಿ ಈ ಪ್ರವಾಸದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ನಾನು ಬಿದ್ದ ಕಥೆಯನ್ನು ಮಗನಿಗೆ ಉರ್ದುವಿನಲ್ಲಿ, ನನ್ನನ್ನು ಇದ್ದದ್ದಕ್ಕಿಂತ ದಪ್ಪ ಮಾಡಿ ಹೇಳಿದರು. ಅದಾದ ಮೇಲೆ ನೂಲಿನ ಕಥೆ ಶುರುವಾಯಿತು, ಶಿಡ್ಲಘಟ್ಟದ ಚರಕ, ಸವೆದ ಬೆರಳು, ಎಲ್ಲ. ನಾನು ಕುಂಟುತ್ತ ಹಿತ್ತಲ ಬಾಗಿಲಿಗೆ ಹೋದೆ. ಅದು ತಾಯಿ ಮಗನ ಮಾತು. ನನಗೆ ಅರ್ಥವಾಗುವ ಉರ್ದುವೇ ಆದರೂ.

ಸಂಜೆ ಹೊರಡುವಾಗ ಅಜ್ಜಿ ಆಂಟಿಯ ಎರಡೂ ಕೈಗಳನ್ನು ಹಿಡಿದು ಮುತ್ತಿಟ್ಟು ತಮ್ಮ ಹಣೆಗೆ ಮುಟ್ಟಿಸಿಕೊಂಡರು. ಈ ದೇಶದಲ್ಲಿ ಕಿರಿಯರು ಹಿರಿಯರಿಗೆ ಹಾಗೆ ಮಾಡುತ್ತಾರೆ. ಹಿರಿಯರು ಕಿರಿಯರಿಗೆ ಮಾಡುವುದಿಲ್ಲವಂತೆ. ನೆರ್ಮಿನ್ ಕಣ್ಣರಳಿಸಿ ನೋಡುತ್ತಿದ್ದಳು.

ಮರುದಿನ ಮಕ್ಕಳು ಬರುವ ಹೊತ್ತಿಗೆ ನಾವು ಹಳೆಯ ಸುಲ್ತಾನನೊಬ್ಬನ ಸಮಾಧಿಯಾದ ಹಸಿರು ಗೋರಿ ನೋಡಲು ಹೋಗಬೇಕಿತ್ತು. ಅದರ ಹೆಂಚುಗಳ ಬಣ್ಣ ಜಗತ್ತಿನಲ್ಲೇ ಬೇರೆಲ್ಲೂ ಇಲ್ಲವಂತೆ. ನಾವು ಹೋಗಲಿಲ್ಲ. ಆಂಟಿ ಜುಮಾಲಿಕಿಜಿಕ್‌ನ ಹಿತ್ತಲಲ್ಲಿ ಮೂವತ್ತು ಟರ್ಕಿ ಮಕ್ಕಳಿಗೆ ನೂಲು ಬಿಚ್ಚಿ ತೋರಿಸುತ್ತಿದ್ದರು. ನಾನು ದಿವಾನದ ಮೇಲೆ ಈರುಳ್ಳಿ ಕಟ್ಟಿಕೊಂಡು ಕೂತಿದ್ದೆ.

ಡೆಟ್ರಾಯಿಟ್

ಸಲೀಂ ಮುಂಚೆಯೇ ತಾಯಿಯ ಹೆಸರಿನಲ್ಲಿ ವಿಮಾನ ನಿಲ್ದಾಣದ ಗಾಲಿಕುರ್ಚಿ ಬುಕ್ ಮಾಡಿಸಿದ್ದ. ಡೆಟ್ರಾಯಿಟಿನಲ್ಲಿ ವಿಮಾನದ ಬಾಗಿಲಲ್ಲೇ ಅದನ್ನು ಹಿಡಿದು ನಿಂತಿದ್ದ ಯುವತಿ, ಮೆಹರುನ್ನಿಸಾ ಎಂದು ಕಷ್ಟಪಟ್ಟು ಕೂಗಿದಳು. ಆಂಟಿ ನನ್ನ ಕಡೆ ಬೆರಳು ತೋರಿಸಿದರು. ನಾನು ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ, ಕೂತೆ.

ಪಾಸ್‌ಪೋರ್ಟ್ ನೋಡುವ ಕಡೆ, ಸೂಟ್‌ಕೇಸ್ ತೆಗೆದುಕೊಳ್ಳುವ ಕಡೆ ಆ ಯುವತಿಯೇ ತಳ್ಳಿದಳು. ಕೊನೆಯ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರುವಾಗ ಆಂಟಿ ಅವಳಿಗೆ ಥ್ಯಾಂಕ್ಯೂ ಹೇಳಿ, ತಮ್ಮ ಕೋಲನ್ನು ನನ್ನ ಮಡಿಲಲ್ಲಿಟ್ಟು, ಕುರ್ಚಿಯ ಹಿಡಿ ಹಿಡಿದುಕೊಂಡರು. ಹೊರಗೆ ಸಲೀಂ ನಿಂತಿದ್ದ. ಇಟಾಸ್ಕಾದಿಂದ ಐದು ಗಂಟೆ ಡ್ರೈವ್ ಮಾಡಿ ಬಂದವನ ಕಣ್ಣು ಕುರ್ಚಿಯಲ್ಲಿ ಕೂತವರನ್ನು ಮೊದಲು ಹುಡುಕಿತು. ನನ್ನನ್ನು ಕಂಡು ಗೊಂದಲಗೊಂಡಿತು. ಆಮೇಲೆ ಮೇಲಕ್ಕೆ ಹೋಯಿತು.

ಅವನು ಓಡಿ ಬಂದು ಕುರ್ಚಿಗೆ ಕೈ ಹಾಕಲು ಹೋದ. ಆಂಟಿ ಬಿಡಲಿಲ್ಲ. "ನೀನು ಸೂಟ್‌ಕೇಸ್ ತಗೋ," ಎಂದರು. ಅವನು ಸೂಟ್‌ಕೇಸ್ ತೆಗೆದುಕೊಳ್ಳುವ ಮುಂಚೆ ತಾಯಿಯ ಬಲಗೈಯನ್ನು ತಿರುಗಿಸಿ, ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

ಕಾರು ವಿಕ್ಸಮ್‌ನ ಎಕ್ಸಿಟ್ ದಾಟಿ ಸಿಗ್ನಲ್ಲಿನಲ್ಲಿ ನಿಂತಾಗ ಸಲೀಂ, ಹಿಂದೆ ತಿರುಗದೆ, "ಗೀತಕ್ಕ, ಬೇಸ್‌ಮೆಂಟ್ ರೂಮಿಗೆ ಕಾರ್ಪೆಟ್ ಹಾಕಿಸಿಬಿಟ್ಟಿದ್ದೀನಿ. ಅಲ್ಲಿ ಏನು ಇಡಬಹುದು?" ಎಂದು ಕೇಳಿದ.

"ಟೇಬಲ್ ಟೆನಿಸ್ ಹಾಕು," ಎಂದರು ಆಂಟಿ. "ನಾನು ಬಂದಾಗ ಆಡ್ತೀನಿ."